ಹೆಸರಿಲ್ಲದ ಭಾವಚಿತ್ರ

ವಾಚಕರೇ, ತಮ್ಮ ಮನೆಯ ನಡುಮನೆಯಲ್ಲಿ ತೂಗಿರುವ ಹಳೆಯ ಮದುವೆಯ ಪಟವನ್ನೊಮ್ಮೆ ನೋಡಿರಿ. ಕುರ್ಚಿಯ ಮೇಲೆ ಕುಳಿತ ಹಿರಿಯರನ್ನು ತಾವು ಗುರುತಿಸಬಲ್ಲಿರಿ. ಹಿಂದಿನ ಸಾಲಿನಲ್ಲಿ ನಿಂತಿರುವ ಆ ಹೆಂಗಸು ಯಾರು? ಜಮಖಾನದ ಮೇಲೆ ಕುಳಿತ ಹುಡುಗ ಯಾರ ಮಗ? ಬಲ್ಲವರು ಮನೆಯಲ್ಲಿ ಒಬ್ಬರೇ ಉಳಿದಿರಬಹುದು. ಅವರೂ ಕಾಲವಾದ ಮೇಲೆ ಪಟದಲ್ಲಿ ಮುಖವಿರುತ್ತದೆ, ಹೆಸರಿರುವುದಿಲ್ಲ. ಹೀಗೆ ಹೆಸರು ಕಳೆದುಕೊಂಡ ಚಿತ್ರವನ್ನು ಅದರ ಮನೆತನಕ್ಕೆ ಮತ್ತೆ ಮುಟ್ಟಿಸಲು ಸಾಧ್ಯವೆ? ಅಮೆರಿಕದ ಅಂತರ್ಯುದ್ಧದ ಕಾಲದ ಒಂದು ನಿದರ್ಶನ ಇದಕ್ಕೆ ಉತ್ತರ ಕೊಡುತ್ತದೆ.

1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಎಂಬಲ್ಲಿ ಘೋರವಾದ ಕಾಳಗ ನಡೆಯಿತು. ಅಲ್ಲಿ ಮಡಿದ ಉತ್ತರಪಕ್ಷದ ಸೈನಿಕನೊಬ್ಬನ ಹೆಸರು, ಊರು, ದಳ ಯಾವುದಕ್ಕೂ ಗುರುತು ಸಿಗಲಿಲ್ಲ. ಅವನ ಬಳಿ ಗಾಜಿನ ಮೇಲೆ ತೆಗೆದ ಒಂದು ಭಾವಚಿತ್ರ ಮಾತ್ರ ಇತ್ತು. ಮೂವರು ಎಳೆಯ ಮಕ್ಕಳದು. ಅದು ಫಿಲಡೆಲ್ಫಿಯಾದ ವೈದ್ಯ ಜಾನ್ ಫ್ರಾನ್ಸಿಸ್ ಬೋರ್ನ್ಸ್ ಎಂಬವನ ಕೈಸೇರಿತು. ಈ ಮಕ್ಕಳ ತಾಯಿಯನ್ನು ಹುಡುಕಿಯೇ ತೀರಬೇಕೆಂದು ಅವನು ನಿಶ್ಚಯಿಸಿದನು.

ಆದರೆ ಅಂದಿನ ವೃತ್ತಪತ್ರಿಕೆಗಳಿಗೆ ಛಾಯಾಚಿತ್ರವನ್ನು ಅಚ್ಚುಹಾಕುವ ವಿಧಾನ ತಿಳಿದಿರಲಿಲ್ಲ. ಆದುದರಿಂದ ಅವು ಚಿತ್ರವನ್ನು ಮಾತಿನಲ್ಲಿಯೇ ಬಣ್ಣಿಸಿದವು: ಕಿರಿಯವನು ನಡುವೆ ಎತ್ತರದ ಕುರ್ಚಿಯಲ್ಲಿ ಕುಳಿತಿದ್ದಾನೆ, ಅಣ್ಣನೂ ಅಕ್ಕನೂ ಇಬ್ಬದಿಯಲ್ಲಿದ್ದಾರೆ, ಅಣ್ಣನ ಅಂಗಿಗೂ ಅಕ್ಕನ ಲಂಗಕ್ಕೂ ಬಟ್ಟೆ ಒಂದೇ. ರೇಡಿಯೋ ಕೇಳುವ ತಮಗೆ, ಕಾಣದ ವಸ್ತುವನ್ನು ಮಾತಿನಿಂದ ಕಾಣುವ ಬಗೆ ಹೊಸದಲ್ಲವಷ್ಟೆ! ಅಕ್ಟೋಬರ್ 19ರಂದು ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಬಂದ ಈ ವರ್ಣನೆಯನ್ನು ಇತರ ಪತ್ರಿಕೆಗಳೂ ಎತ್ತಿಕೊಂಡವು. ಧಾರ್ಮಿಕ ಪತ್ರಿಕೆಯೊಂದು ನ್ಯೂಯಾರ್ಕ್ ಸಂಸ್ಥಾನದ ಪೋರ್ಟ್‌ವಿಲ್ ಎಂಬ ಸಣ್ಣ ಊರಿಗೆ ಹೋಯಿತು. ಅಲ್ಲಿ ಫಿಲಿಂಡಾ ಹ್ಯೂಮಿಸ್ಟನ್ ಎಂಬಾಕೆ, ಯುದ್ಧಕ್ಕೆ ಹೋದ ಗಂಡನಿಗೆ ಅಂತಹುದೇ ಚಿತ್ರವನ್ನು ಕಳುಹಿಸಿದ್ದಳು. ವೈದ್ಯನಿಂದ ನವೆಂಬರಿನಲ್ಲಿ ಚಿತ್ರದ ಪ್ರತಿ ಬಂತು. ಮಕ್ಕಳು ತನ್ನವರೇ, ತಾನು ವಿಧವೆ! ಮಡಿದವನು 154ನೆಯ ನ್ಯೂಯಾರ್ಕ್ ದಳದ ಸಾರ್ಜೆಂಟ್ ಏಮಸ್ ಹ್ಯೂಮಿಸ್ಟನ್. ಮರುವರ್ಷದ ಜನವರಿಯಲ್ಲಿ ವೈದ್ಯನು ತಾನೇ ಹೋಗಿ ಮೂಲಚಿತ್ರವನ್ನು ಆಕೆಗೆ ಒಪ್ಪಿಸಿದನು.

ಇಲ್ಲಿ ಗುರುತು ಹಿಡಿಯಲು ಹೆತ್ತ ತಾಯಿಯೇ ಇದ್ದಳು. ನೂರು ವರ್ಷ ಕಳೆದ ಮೇಲೆ ಗುರುತಿಸುವವರಾರು? ಆಗ ವಂಶಾವಳಿಯೊಂದೇ ಆಸರೆ. ಅದೇ 154ನೆಯ ದಳದ ಸೈನಿಕನೊಬ್ಬನ ಮರಿಮಗನಾದ ಮಾರ್ಕ್ ಡಂಕಲ್‌ಮನ್ ಎಂಬ ಸಂಶೋಧಕರು, ದಳದವರ ಸಂತತಿಯನ್ನು ಹುಡುಕಿ ಹುಡುಕಿ ಪತ್ರಗಳನ್ನೂ ಚಿತ್ರಗಳನ್ನೂ ಕಲೆಹಾಕಿದರು. 1999ರಲ್ಲಿ ಹ್ಯೂಮಿಸ್ಟನ್ನನ ಚರಿತ್ರೆಯನ್ನೂ ಪ್ರಕಟಿಸಿದರು. ಸಾಯುವುದಕ್ಕೆ ಎರಡು ತಿಂಗಳು ಮೊದಲು, ಮಕ್ಕಳ ಚಿತ್ರ ತಲುಪಿತೆಂದೂ ಅದಕ್ಕಿಂತ ಸಂತೋಷ ಬೇರಿಲ್ಲವೆಂದೂ ಅವನು ಹೆಂಡತಿಗೆ ಬರೆದ ಕಾಗದವೂ ಉಳಿದುಬಂದಿದೆ.

ಸಾಮಾನ್ಯವಾಗಿ ವಂಶಾವಳಿಯನ್ನು ನಮ್ಮಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಮೇಲಕ್ಕೆ ಏರಿಸುತ್ತೇವೆ. ದಿಕ್ಕುಗೆಟ್ಟ ಪಟದ ವಿಷಯದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ರಟ್ಟಿನ ಮೇಲಿನ ಸ್ಟುಡಿಯೋದ ಮುದ್ರೆ ಊರನ್ನು ತಿಳಿಸೀತು. ಉಡಿಗೆತೊಡಿಗೆ ಕಾಲವನ್ನು ಸೂಚಿಸೀತು. ಒಂದು ಹೆಸರು ಸಿಕ್ಕರೆ ಸಾಕು. ಲಗ್ನಪತ್ರಿಕೆ, ಶಾಲೆಯ ದಾಖಲಾತಿ ಪುಸ್ತಕ, ಜಮೀನಿನ ಖಾತೆ ಇವುಗಳ ಜಾಡು ಹಿಡಿದು ಇಂದಿನ ಮೊಮ್ಮಕ್ಕಳವರೆಗೆ ಬರಬಹುದು.

ನಮ್ಮಲ್ಲಿ ಈ ವಿದ್ಯೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಎತ್ತನ್ನೇರಿ ಬಂದು, ಮನೆಯ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಹಾಡಿ ಹೇಳಿ ಕಾಳುಕಡ್ಡಿ ಪಡೆಯುತ್ತಿದ್ದರು. ಹರಿದ್ವಾರದ ಪಂಡಾಗಳ ವಹಿಗಳಲ್ಲಿ ಯಾತ್ರಿಕರ ವಂಶಗಳು ಬರೆದಿವೆ. ಆದರೆ ಇಂತಹ ಪಟ್ಟಿಗಳಲ್ಲಿ ಗಂಡುಮಕ್ಕಳ ಹೆಸರು ಉಳಿಯುವಷ್ಟು ಹೆಣ್ಣುಮಕ್ಕಳದು ಉಳಿಯುವುದಿಲ್ಲ. ಹಿಂದಿನ ಸಾಲಿನ ಆ ಹೆಂಗಸು ಅನಾಮಿಕಳಾಗುವುದು ಹೀಗೆ.

ಆದುದರಿಂದ ಮುಂದಿನ ಹಬ್ಬಕ್ಕೆ ಬಂಧುಗಳು ಕೂಡಿದಾಗ ಪಟವನ್ನು ಕೆಳಗಿಳಿಸಿರಿ. ಮನೆಯ ಹಿರಿಯರನ್ನು, ಅದರಲ್ಲಿಯೂ ಅಜ್ಜಿಯರನ್ನು ಕೇಳಿರಿ. ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ಊರು, ವರ್ಷ, ಹೆಣ್ಣುಮಕ್ಕಳಾದರೆ ತವರೂರನ್ನೂ ಸೇರಿಸಿ, ಮೆತ್ತನೆಯ ಪೆನ್ಸಿಲಿನಿಂದ ಪಟದ ಹಿಂಬದಿಯ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಮಸಿ ಬೇಡ, ಅದು ಚಿತ್ರಕ್ಕೆ ಇಳಿದೀತು. ಪರರ ಮನೆಯ ಪಟವೇನಾದರೂ ತಮ್ಮಲ್ಲಿ ಉಳಿದಿದ್ದರೆ, ಅದನ್ನು ಅವರ ಮಕ್ಕಳಿಗೋ ಮೊಮ್ಮಕ್ಕಳಿಗೋ ಮುಟ್ಟಿಸಿರಿ. ಅವರ ಅಜ್ಜಿಯ ಮುಖವನ್ನು ಅವರು ಇದುವರೆಗೆ ಕಂಡೇ ಇರಲಾರರು.