ನಮ್ಮೂರಿನ ಮೇಲೆ ನೆರಳು ಹಾದ ದಿನ, ಚಿತ್ರ ತೆಗೆದವರು ಯಾರು?

1980ರ ಫೆಬ್ರವರಿ 16, ಶನಿವಾರ. ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಗದಗ-ಬೆಟಗೇರಿಯಲ್ಲಿ ಹಗಲೇ ಕತ್ತಲಾಯಿತು. ಅರಬ್ಬಿ ಸಮುದ್ರ ದಾಟಿ ಬಂದ ಚಂದ್ರನ ನೆರಳು ಕಾರವಾರ-ಅಂಕೋಲಾ ಕಡೆಯಿಂದ ನೆಲಕ್ಕೇರಿ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆ ಹಾದು ಒಡಿಶಾದ ಪುರಿ ಕಡೆ ಓಡಿತು. ನೆರಳಿನ ಪಟ್ಟಿಯ ಅಗಲ ಸುಮಾರು 140 ಕಿ.ಮೀ. ಅದರ ನಡುಗೆರೆ ಗದಗಿನ ಹತ್ತಿರವೇ ಹಾದಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮೂರೂ ಆ ಪಟ್ಟಿಯೊಳಗೇ ಇದ್ದವು. ಆಗ ಇವೆಲ್ಲ ಧಾರವಾಡ ಜಿಲ್ಲೆಯ ಊರುಗಳು. ಗದಗ ಜಿಲ್ಲೆ ಆದದ್ದು 1997ರಲ್ಲಿ.

ಸೂರ್ಯ ಪೂರ್ತಿ ಮುಚ್ಚಿದ್ದು ಎರಡೂವರೆ ನಿಮಿಷದಷ್ಟು ಹೊತ್ತು. ಅಷ್ಟಕ್ಕಾಗಿ ವಿಜ್ಞಾನಿಗಳು ತಿಂಗಳುಗಟ್ಟಲೆ ತಯಾರಿ ನಡೆಸಿ ಬಂದಿದ್ದರು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ತಂಡ ಗದಗಿನಲ್ಲಿ ಬೀಡುಬಿಟ್ಟಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಉಪಕರಣ ಹೂಡಿದ್ದರು. ಸೂರ್ಯನ ಸುತ್ತ ಬೆಳ್ಳಿಯ ಪ್ರಭಾವಳಿಯಂತೆ ಕಾಣುವ ಕರೋನಾವನ್ನು ಹಿಡಿಯುವುದು ಅವರ ಕೆಲಸ.

ಊರಿನವರು ಏನು ಮಾಡಿದರು? ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಕೇಳಿ ನೋಡಿ. ಬಾಗಿಲು, ಕಿಟಕಿ ಹಾಕಿಕೊಂಡು ಒಳಗೆ ಕೂತಿದ್ದೆವು ಎಂದೇ ಬಹಳ ಮಂದಿ ಹೇಳುತ್ತಾರೆ. ನೀರಿನ ಕೊಡಕ್ಕೆ ಗರಿಕೆ, ಬಸುರಿಯರಿಗೆ ಹೊರಗೆ ಕಾಲಿಡಬಾರದೆಂಬ ಕಟ್ಟು, ಗ್ರಹಣ ಬಿಟ್ಟ ಮೇಲೆ ಸ್ನಾನ. ಇದು ಹಳ್ಳಿಯ ಮಾತು ಮಾತ್ರ ಅಲ್ಲ. ಅದೇ ವಾರ ಮುಂಬೈಯ ವಾಂಖೆಡೆ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ನಡೆದಿತ್ತು, ನಾಯಕ ನಮ್ಮ ಜಿ.ಆರ್. ವಿಶ್ವನಾಥ್. ಗ್ರಹಣವಿದೆ ಎಂದು ಒಂದೇ ದಿನ ಆಡಿಸಿ, 16ನೇ ತಾರೀಕಿಗೆ ಆಟಕ್ಕೆ ರಜೆ ಕೊಟ್ಟರು.

ಬರಿಗಣ್ಣಿಂದ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಬಾಗಿಲು ಹಾಕಿದ್ದರಿಂದ ಒಂದು ನಷ್ಟವೂ ಆಯಿತು. ನಮ್ಮ ಊರುಗಳ ಮೇಲೆ ಹಾದ ನೆರಳಿನ ದಾಖಲೆ ಹೊರಗಿನಿಂದ ಬಂದವರ ಫಿಲಂ ಸುರುಳಿಗಳಲ್ಲಿ ಹೊರಟುಹೋಯಿತು. ನಮ್ಮ ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ ಮದುವೆ ಇದೆ, ಜಾತ್ರೆ ಇದೆ, ಆ ದಿನದ ಆಕಾಶ ಇಲ್ಲ.

ದುರ್ಬೀನಿಗೆ ಕ್ಯಾಮೆರಾ ಕಟ್ಟುವುದು ವಿಜ್ಞಾನಿಗಳಿಗೆ ಮಾತ್ರ ಒಲಿಯುವ ವಿದ್ಯೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ.

1851ರ ಜುಲೈ 28ರಂದು ಕೋನಿಗ್ಸ್‌ಬರ್ಗ್ ಎಂಬ ಊರಲ್ಲಿ ಪೂರ್ಣ ಸೂರ್ಯಗ್ರಹಣ. ಆ ಊರು ಈಗ ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್. ಅಲ್ಲಿನ ವೀಕ್ಷಣಾಲಯದವರು ಚಿತ್ರ ತೆಗೆಯಲು ಕರೆಸಿದ್ದು ಬೆರ್ಕೋವ್‌ಸ್ಕಿ ಎಂಬ ಸ್ಥಳೀಯ ಛಾಯಾಗ್ರಾಹಕನನ್ನು. ಆತ ಸಣ್ಣ ದುರ್ಬೀನಿನ ಹಿಂದೆ ಬೆಳ್ಳಿ ಲೇಪದ ತಗಡನ್ನು ಇಟ್ಟು 84 ಸೆಕೆಂಡು ಬೆಳಕು ಬಿಟ್ಟ. ಕರೋನಾ ಸರಿಯಾಗಿ ಮೂಡಿದ ಜಗತ್ತಿನ ಮೊದಲ ಚಿತ್ರ ಅದು. ಖಗೋಳದ ಪಂಡಿತನಲ್ಲ, ಕ್ಯಾಮೆರಾ ಕೆಲಸವನ್ನೇ ಕಸುಬು ಮಾಡಿಕೊಂಡವನು ತೆಗೆದದ್ದು.

ಹದಿನೇಳು ವರ್ಷಕ್ಕೆ ಆ ಕೆಲಸ ನಮ್ಮ ಸೀಮೆಗೆ ಬಂತು. 1868ರ ಆಗಸ್ಟ್ 18ರ ಗ್ರಹಣದ ನೆರಳು ವಿಜಯಪುರ, ಜಮಖಂಡಿ ಮೇಲೆ ಹಾದು ಆಂಧ್ರದ ಗುಂಟೂರಿನತ್ತ ಹೋಯಿತು. ಜಮಖಂಡಿಯಲ್ಲಿ ಜಾನ್ ಹರ್ಷಲ್ ಎಂಬ ಸೇನಾಧಿಕಾರಿ ಮೋಡಗಳ ಸಂದಿನಲ್ಲೇ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಪರೀಕ್ಷಿಸಿದ. ಗುಂಟೂರಿನಲ್ಲಿ ಮೇಜರ್ ಟೆನಂಟ್ ತಂಡದವರು ಕನ್ನಡಿ ದುರ್ಬೀನಿಗೆ ಗಾಜಿನ ಫಲಕ ಹೂಡಿ ಚಿತ್ರ ತೆಗೆದರು. ಆ ಕಾಲದ ಫಲಕಕ್ಕೆ ರಾಸಾಯನಿಕ ಸವರಿ, ಹಸಿ ಇರುವಾಗಲೇ ಬೆಳಕು ಬಿಟ್ಟು, ಒಣಗುವ ಮೊದಲೇ ತೊಳೆಯಬೇಕು. ಹೀಗಾಗಿ ದುರ್ಬೀನಿನ ಪಕ್ಕದಲ್ಲೇ ಕತ್ತಲ ಕೋಣೆ ಇರಬೇಕಿತ್ತು.

1871ರ ಡಿಸೆಂಬರ್ 12ರಂದು ಇನ್ನೊಂದು ಪೂರ್ಣ ಗ್ರಹಣ. ಈ ಸಲ ಕಾಸರಗೋಡಿನ ಬೇಕಲ ಕೋಟೆ. ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ತಂಡ ಅಲ್ಲಿ ಬೀಡುಬಿಟ್ಟು, ಪೂರ್ಣಗ್ರಹಣದ ಐದು ಚಿತ್ರ ತೆಗೆಯಿತು.

ತಗಡು ಹೋಗಿ ಗಾಜು ಬಂತು, ಗಾಜು ಹೋಗಿ ಫಿಲಂ ಬಂತು. ಆದರೆ ಕ್ಯಾಮೆರಾವನ್ನು ದುರ್ಬೀನಿಗೆ ಅಲುಗದಂತೆ ಜೋಡಿಸುವುದು ಹೇಗೆ ಎಂಬ ತೊಡಕು ಹಾಗೇ ಉಳಿದಿತ್ತು. ಪ್ರತಿಯೊಬ್ಬರೂ ತಮಗೆ ತಕ್ಕ ಜೋಡಣೆಯನ್ನು ತಾವೇ ಮಾಡಿಸಿಕೊಳ್ಳಬೇಕಿತ್ತು. 1957ರಲ್ಲಿ ಜಪಾನಿನ ಟ್ಯಾಮ್ರಾನ್ ಕಂಪನಿ, ಒಂದೇ ಲೆನ್ಸನ್ನು ಬೇರೆ ಬೇರೆ ಕ್ಯಾಮೆರಾಗಳಿಗೆ ಹಾಕಲು ಒಂದು ಬಳೆ ತಂದಿತು. ಅದೇ ಟಿ-ರಿಂಗ್. ಒಂದು ಬದಿ ಕ್ಯಾಮೆರಾದ ಬಾಯಿಗೆ ಕೂರುತ್ತದೆ, ಇನ್ನೊಂದು ಬದಿಯಲ್ಲಿ 42 ಮಿ.ಮೀ. ಅಗಲದ ಮರೆ. ಲೆನ್ಸಿಗಾಗಿ ಹುಟ್ಟಿದ ಬಳೆಯನ್ನು ದುರ್ಬೀನಿನವರು ತಮ್ಮದು ಮಾಡಿಕೊಂಡರು. ಇವತ್ತಿಗೂ ಅದೇ ಅಳತೆ ನಡೆದಿದೆ.

ಇನ್ನು ನಮ್ಮ ಕಾಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಾಯ್ಲ್ ಮತ್ತು ಸ್ಮಿತ್ ಸಿಸಿಡಿ ಚಿಪ್ ಕಂಡುಹಿಡಿದರು. 2009ರಲ್ಲಿ ಅದಕ್ಕೆ ನೊಬೆಲ್ ಬಂತು. ಫಿಲಂ ಜಾಗಕ್ಕೆ ಚಿಪ್ ಬಂದ ಮೇಲೆ ತೆಗೆದ ಚಿತ್ರ ಆ ಕ್ಷಣವೇ ಕಾಣುತ್ತದೆ, ಕೆಟ್ಟರೆ ಮತ್ತೆ ತೆಗೆಯಬಹುದು. 1868ರ ಗಾಜಿನ ಫಲಕದವರಿಗೂ 1980ರ ಫಿಲಂನವರಿಗೂ ಇಲ್ಲದ ಅನುಕೂಲ ಇದು. ಇವತ್ತು ಮದುವೆ, ಕುಬುಸದ ಕಾರ್ಯಕ್ಕೆ ಬರುವ ಸ್ಟುಡಿಯೋ ಹುಡುಗರ ಹೆಗಲಲ್ಲಿ ಡಿಎಸ್‌ಎಲ್‌ಆರ್ ಕ್ಯಾಮೆರಾ ಇರುತ್ತದೆ. ಬೆರ್ಕೋವ್‌ಸ್ಕಿಯ ಜಾಗದಲ್ಲಿ ಈಗ ಅವರಿದ್ದಾರೆ.

ಜೋಡಿಸುವುದು ಹೀಗೆ. ಕ್ಯಾಮೆರಾದ ಲೆನ್ಸ್ ತೆಗೆಯಿರಿ. ದುರ್ಬೀನಿನಲ್ಲಿ ಕಣ್ಣಿಟ್ಟು ನೋಡುವ ಐಪೀಸನ್ನೂ ತೆಗೆಯಿರಿ. ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವ ಟಿ-ರಿಂಗ್ ಹಾಕಿ, ಅದಕ್ಕೆ ಒಂದೂಕಾಲು ಇಂಚಿನ ಕೊಳವೆ ತಿರುಗಿಸಿ, ಐಪೀಸ್ ಇದ್ದ ಜಾಗಕ್ಕೆ ತೂರಿಸಿ ಸ್ಕ್ರೂ ಬಿಗಿ ಮಾಡಿ. ಈಗ ದುರ್ಬೀನೇ ಕ್ಯಾಮೆರಾದ ಲೆನ್ಸ್.

ಎಷ್ಟು ದೊಡ್ಡದು ಕಾಣುತ್ತದೆ? ದುರ್ಬೀನಿನ ಫೋಕಲ್ ಲೆಂತ್ ಅನ್ನು 110ರಿಂದ ಭಾಗಿಸಿ. 900 ಮಿ.ಮೀ. ಇದ್ದರೆ ಚಿಪ್ ಮೇಲೆ ಚಂದ್ರ 8 ಮಿ.ಮೀ. ಆಗುತ್ತಾನೆ. ಸಾಮಾನ್ಯ ಡಿಎಸ್‌ಎಲ್‌ಆರ್ ಚಿಪ್ಪಿನ ಎತ್ತರ ಸುಮಾರು 15 ಮಿ.ಮೀ., ಹೀಗಾಗಿ ಪೂರ್ತಿ ಚಂದ್ರ ಆರಾಮಾಗಿ ಹಿಡಿಯುತ್ತಾನೆ.

ಹುಣ್ಣಿಮೆ ಚಂದ್ರನಿಗೆ ಐಎಸ್‌ಒ 100, ಸೆಕೆಂಡಿನ 125ನೇ ಒಂದು ಭಾಗದಿಂದ ಶುರು ಮಾಡಿ. ಪರದೆಯಲ್ಲಿ ಚಂದ್ರನ ಅಂಚನ್ನು ದೊಡ್ಡದು ಮಾಡಿ ನೋಡುತ್ತ ಫೋಕಸ್ ಮಾಡಿ. ಬಟನ್ ಒತ್ತಿದಾಗ ದುರ್ಬೀನು ನಡುಗುತ್ತದೆ, ಅದಕ್ಕೆ ಎರಡು ಸೆಕೆಂಡಿನ ಟೈಮರ್ ಇಡಿ. ಕ್ಯಾಮೆರಾದ ಭಾರಕ್ಕೆ ಕೊಳವೆ ಹಿಂದಕ್ಕೆ ವಾಲುತ್ತದೆ, ಮುಂದೆ ಸರಿಸಿ ತೂಕ ಸಮ ಮಾಡಿ. ಕೆಲವು ಕನ್ನಡಿ ದುರ್ಬೀನುಗಳಲ್ಲಿ ಫೋಕಸ್ ಪೂರ್ತಿ ಒಳಗೆ ತಿರುಗಿಸಿದರೂ ಚಿತ್ರ ಮಸುಕಾಗಿಯೇ ಇರುತ್ತದೆ. ದುರ್ಬೀನು ಕೆಟ್ಟಿಲ್ಲ, ಅದನ್ನು ಕಣ್ಣಿಟ್ಟು ನೋಡುವ ಲೆಕ್ಕದಲ್ಲಿ ಮಾಡಿರುತ್ತಾರೆ. ನಡುವೆ ಒಂದು ಬಾರ್ಲೋ ಲೆನ್ಸ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಗ ಚಂದ್ರ ಇನ್ನೂ ದೊಡ್ಡದಾಗುತ್ತಾನೆ, ಪೂರ್ತಿ ಹಿಡಿಯದೇ ಇರಬಹುದು.

ಒಂದು ಮಾತು ಮರೆಯಬೇಡಿ. ಸೂರ್ಯನ ಕಡೆ ತಿರುಗಿಸುವುದಾದರೆ ದುರ್ಬೀನಿನ ಮುಂದಿನ ಬಾಯಿಗೇ ಸೌರ ಫಿಲ್ಟರ್ ಕಟ್ಟಬೇಕು. ಐಪೀಸಿಗೆ ಹಾಕುವ ಸಣ್ಣ ಫಿಲ್ಟರ್ ಬೇಡವೇ ಬೇಡ, ಬಿಸಿಗೆ ಒಡೆಯುತ್ತದೆ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು ಕೂಡ ನಡೆಯುವುದಿಲ್ಲ. ಕ್ಯಾಮೆರಾ ಸುಟ್ಟರೆ ಇನ್ನೊಂದು ಬರುತ್ತದೆ, ಕಣ್ಣು ಬರುವುದಿಲ್ಲ.

ಚಂದ್ರನಿಗೆ ಆ ಭಯವಿಲ್ಲ, ಕಲಿಯುವವರು ಅವನಿಂದಲೇ ಶುರು ಮಾಡುವುದು ಒಳ್ಳೆಯದು. 2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣವಿದೆ. ಸುಮಾರು 9.45ರಿಂದ 11 ಗಂಟೆ ಹತ್ತಿರದವರೆಗೆ ಚಂದ್ರ ಪೂರ್ತಿ ನೆರಳಲ್ಲಿ ಇರುತ್ತಾನೆ. ನಮ್ಮ ಊರುಗಳಲ್ಲಿ ಮಾಳಿಗೆ ಹತ್ತಿದರೆ ಸಾಕು, ಕಾಣುತ್ತದೆ. ಕೆಂಪಾದ ಚಂದ್ರನ ಬೆಳಕು ಬಹಳ ಕಡಿಮೆ. ಮೋಟರ್ ಇಲ್ಲದ ಸ್ಟ್ಯಾಂಡಿನಲ್ಲಿ ಹೊತ್ತು ಹೆಚ್ಚು ಬಿಟ್ಟರೆ ಚಂದ್ರ ಸರಿದು ಚಿತ್ರ ಕಲಸುತ್ತದೆ, ಬದಲಿಗೆ ಐಎಸ್‌ಒ ಏರಿಸಿ. ಅಲ್ಲಿಯವರೆಗೆ ಪ್ರತಿ ಹುಣ್ಣಿಮೆಯೂ ಒಂದು ತಾಲೀಮು.

ತೆಗೆದ ಚಿತ್ರಕ್ಕೆ ಊರಿನ ಹೆಸರು, ತಾರೀಕು, ವೇಳೆ ಬರೆದಿಡಿ. ಊರಿನ ಸುದ್ದಿಯನ್ನು ಊರಿನವರೇ ಬರೆಯಬೇಕು ಎಂದು ನಾವು ಹೇಳುತ್ತಲೇ ಇರುತ್ತೇವೆ. ಊರಿನ ಮೇಲಿನ ಆಕಾಶವೂ ಊರಿನ ಸುದ್ದಿಯೇ. ಮುಂದೊಂದು ದಿನ ಮುಂಡರಗಿಯ ಮಗುವೊಂದು ಆ ರಾತ್ರಿ ನಮ್ಮೂರಲ್ಲಿ ಹೇಗೆ ಕಂಡಿತ್ತು ಎಂದು ಕೇಳಿದರೆ, ಆಲ್ಬಮ್ ತೆರೆದು ತೋರಿಸಲು ನಮ್ಮದೇ ಒಂದು ಚಿತ್ರ ಇರಲಿ.