ಮೊದಲ ವಿಶ್ವ ಹ್ಯಾಂಡ್‌ಬಾಲ್ ಮತ್ತು ಕಾಣೆಯಾದ ತಂಡ

ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಇಂದು ಹ್ಯಾಂಡ್‌ಬಾಲ್ ಪರಿಚಿತ ಆಟ. ತಂಡಕ್ಕೆ ಏಳು ಮಂದಿಯಂತೆ ಆಡುವ ಒಳಾಂಗಣ ಹ್ಯಾಂಡ್‌ಬಾಲಿನ ಮೊದಲ ಪುರುಷರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1938ರ ಫೆಬ್ರವರಿ 5 ಮತ್ತು 6ರಂದು, ಜರ್ಮನಿಯ ಬರ್ಲಿನ್ ನಗರದಲ್ಲಿ. ಭಾಗವಹಿಸಿದ್ದು ನಾಲ್ಕೇ ದೇಶಗಳು: ಜರ್ಮನಿ, ಆಸ್ಟ್ರಿಯಾ, ಸ್ವೀಡನ್, ಡೆನ್ಮಾರ್ಕ್. ಫೈನಲ್ ಇರಲಿಲ್ಲ, ಪ್ರತಿ ತಂಡವೂ ಉಳಿದ ಮೂರರೊಡನೆ ಆಡಬೇಕಿತ್ತು. ಜರ್ಮನಿ ಮೂರೂ ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಆದರೆ ಆಸ್ಟ್ರಿಯಾದ ಎದುರು ಗೆದ್ದದ್ದು 5–4ರಿಂದ, ಒಂದೇ ಗೋಲಿನ ಅಂತರದಲ್ಲಿ. ಆಸ್ಟ್ರಿಯಾ ಎರಡನೇ ಸ್ಥಾನ ಪಡೆಯಿತು.

ಐದು ವಾರ ತುಂಬುವ ಮೊದಲೇ, ಮಾರ್ಚ್ 12ರಂದು, ಹಿಟ್ಲರನ ಸೈನ್ಯ ಆಸ್ಟ್ರಿಯಾದೊಳಗೆ ಕಾಲಿಟ್ಟಿತು. ಮರುದಿನವೇ ಆ ದೇಶವನ್ನು ಜರ್ಮನಿಗೆ ಸೇರಿಸಲಾಯಿತು. ಅದೇ ಜುಲೈನಲ್ಲಿ, ಹನ್ನೊಂದು ಮಂದಿ ಬಯಲಿನಲ್ಲಿ ಆಡುವ ಹ್ಯಾಂಡ್‌ಬಾಲಿನ ವಿಶ್ವ ಚಾಂಪಿಯನ್‌ಶಿಪ್ ಕೂಡ ಜರ್ಮನಿಯಲ್ಲೇ ನಡೆಯಿತು. ಹತ್ತು ತಂಡಗಳು ಆಡಿದವು. ಅದೇ ಆಟದಲ್ಲಿ 1936ರ ಒಲಿಂಪಿಕ್ಸ್ ಬೆಳ್ಳಿ ಗೆದ್ದಿದ್ದ ಆಸ್ಟ್ರಿಯಾದ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ.

ಮರುವರ್ಷ ಮಹಾಯುದ್ಧ ಆರಂಭವಾಯಿತು. ಎರಡನೇ ಒಳಾಂಗಣ ಚಾಂಪಿಯನ್‌ಶಿಪ್ ನಡೆದದ್ದು 16 ವರ್ಷಗಳ ನಂತರ, 1954ರಲ್ಲಿ, ಸ್ವೀಡನ್‌ನಲ್ಲಿ. ಆಸ್ಟ್ರಿಯಾ ಪೂರ್ಣ ಸಾರ್ವಭೌಮತ್ವವನ್ನು ಮರಳಿ ಪಡೆದದ್ದು 1955ರಲ್ಲಿ.

ಗೆದ್ದವರ ಪಟ್ಟಿಯಲ್ಲಿ 1938ರ ಮುಂದೆ ಜರ್ಮನಿ ಎಂದಷ್ಟೇ ಇರುತ್ತದೆ. ಸೋತ ತಂಡ ಮುಂದಿನ ಸಲ ಮತ್ತೆ ಬಂದು ಆಡುತ್ತದೆ ಎಂಬ ನಂಬಿಕೆಯ ಮೇಲೆಯೇ ಎಲ್ಲ ಆಟಗಳೂ ನಿಂತಿವೆ. ಒಂದು ಗೋಲಿನಿಂದ ಸೋತವರಿಗೆ ಆ ಅವಕಾಶ ಸಿಗಲಿಲ್ಲ. ಮಕ್ಕಳೇ, ಸ್ಕೋರ್ ಓದುವಾಗ ಅದರ ಪಕ್ಕದ ತಾರೀಖನ್ನೂ ಓದಿ.