'ಗಿವ್ ಅಟೆನ್ಶನ್' ತಪ್ಪೇ? 'ಅಕಾರ್ಡಿಂಗ್ ಟು ಮಿ' ಸರಿಯೇ? ಇಂಗ್ಲಿಷ್ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

'ಈ ಹತ್ತು ಇಂಗ್ಲಿಷ್ ತಪ್ಪುಗಳನ್ನು ಇವತ್ತೇ ಬಿಡಿ' ಎಂಬಂಥ ಪಟ್ಟಿ ನಿಮ್ಮ ವಾಟ್ಸ್ಯಾಪ್ ಗ್ರೂಪಿಗೂ ಬಂದಿರಬಹುದು. ಒಂದು ಕಡೆ ಕೆಂಪು ಗುರುತು, ಇನ್ನೊಂದು ಕಡೆ ಹಸಿರು ಗುರುತು. ಯಾಕೆ ತಪ್ಪು, ಯಾಕೆ ಸರಿ ಎಂಬ ವಿವರಣೆ ಮಾತ್ರ ಇರುವುದಿಲ್ಲ. ಇಂಥ ಪಟ್ಟಿ ನೋಡಿ ಕೆಲಸದ ಅರ್ಜಿ ತಿದ್ದುವವರಿದ್ದಾರೆ. ಅದನ್ನೇ ಹಿಡಿದು ಗ್ರೂಪಿನಲ್ಲಿ ಇನ್ನೊಬ್ಬರನ್ನು ಗೇಲಿ ಮಾಡುವವರೂ ಇದ್ದಾರೆ. ಹಾಗಾಗಿ ಗಮನ, ಗೌರವ, ಅಭಿಪ್ರಾಯ ಎಂಬ ಮೂರು ವಿಷಯಗಳನ್ನು ಇಟ್ಟುಕೊಂಡು ಪರೀಕ್ಷಿಸೋಣ.

ಪದಕ್ಕೂ ಜೊತೆ ಬೇಕು

ಕನ್ನಡದಲ್ಲಿ ನಾವು ಗಮನ 'ಕೊಡುತ್ತೇವೆ', 'ಹರಿಸುತ್ತೇವೆ', 'ಸೆಳೆಯುತ್ತೇವೆ'. ಯಾರಾದರೂ 'ದಯವಿಟ್ಟು ಗಮನ ಪಾವತಿಸಿ' ಎಂದರೆ ನಗು ಬರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಗಮನವನ್ನು ಹಣದಂತೆ 'ಪೇ' ಮಾಡುತ್ತಾರೆ. ಎರಡರಲ್ಲಿ ಯಾವುದೂ ಹೆಚ್ಚು ತರ್ಕಬದ್ಧವಲ್ಲ, ಅದು ಬಳಕೆಯಿಂದ ಗಟ್ಟಿಯಾದ ರೂಢಿ ಅಷ್ಟೆ. ಹೀಗೆ ಜೊತೆಜೊತೆಯಾಗಿ ಬರುವ ಪದಗಳನ್ನು 'ಕಾಲೊಕೇಶನ್' ಎನ್ನುತ್ತಾರೆ. ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಕೆಲಸ ಮಾಡುತ್ತಿದ್ದ ಹೆರಾಲ್ಡ್ ಪಾಮರ್ 1933ರಲ್ಲೇ ಇವುಗಳ ಬಗ್ಗೆ ವರದಿ ಪ್ರಕಟಿಸಿದ್ದರು. ಹಿಂದೆ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಫರ್ತ್ 1950ರ ದಶಕದಲ್ಲಿ ಈ ಪದವನ್ನು ಭಾಷಾಶಾಸ್ತ್ರದಲ್ಲಿ ಬೇರೂರಿಸಿದರು.

ನಾವು ಕನ್ನಡದಲ್ಲಿ ಯೋಚಿಸಿ ಒಂದೊಂದೇ ಪದವನ್ನು ಇಂಗ್ಲಿಷಿಗೆ ಬದಲಿಸಿದಾಗ ಈ ಜೋಡಿ ತಪ್ಪುತ್ತದೆ. ವ್ಯಾಕರಣ ಸರಿಯಿದ್ದರೂ ವಾಕ್ಯ ಅಸಹಜವಾಗಿ ಕೇಳುವುದು ಅದಕ್ಕೇ.

ಗಮನ: 'ಗಿವ್' ಪೂರ್ತಿ ತಪ್ಪಲ್ಲ

ಫಾರ್ವರ್ಡ್ ಹೇಳುವುದು: 'ಗಿವ್ ಅಟೆನ್ಶನ್' ತಪ್ಪು, 'ಪೇ ಅಟೆನ್ಶನ್' ಸರಿ. ಇದು ಅರ್ಧ ಸತ್ಯ. 'ಗಮನವಿಟ್ಟು ಕೇಳು' ಎನ್ನಲು 'ಪೇ ಅಟೆನ್ಶನ್' ಸಹಜ. ಆದರೆ 'ಪೂರ್ತಿ ಗಮನ ಕೊಡುತ್ತೇನೆ' ಎನ್ನುವಾಗ 'ಐ ವಿಲ್ ಗಿವ್ ಇಟ್ ಮೈ ಫುಲ್ ಅಟೆನ್ಶನ್' ಎಂಬುದು ಒಳ್ಳೆಯ ಇಂಗ್ಲಿಷೇ.

ಪಟ್ಟಿಗಳು ಹೇಳದ ಇನ್ನೊಂದು ಸಂಗತಿಯಿದೆ. ಮೇಲಧಿಕಾರಿಗೆ 'ಪ್ಲೀಸ್ ಪೇ ಅಟೆನ್ಶನ್ ಟು ಮೈ ಲೆಟರ್' ಎಂದು ಬರೆದರೆ ಮೇಷ್ಟ್ರು ಹುಡುಗರಿಗೆ ಹೇಳಿದಂತಾಗುತ್ತದೆ. ಅಲ್ಲಿ 'ಐ ವುಡ್ ಲೈಕ್ ಟು ಬ್ರಿಂಗ್ ದಿಸ್ ಟು ಯುವರ್ ಅಟೆನ್ಶನ್', ಅಂದರೆ 'ಇದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ' ಎಂಬುದು ಸೂಕ್ತ. ಒಂದು ಅಂಶದತ್ತ ಗಮನ ಸೆಳೆಯಲು 'ಡ್ರಾ ಅಟೆನ್ಶನ್ ಟು' ಬಳಸಬಹುದು.

ಗೌರವ: ಮೋಸ ಮಾಡುವ ಪದಗಳು

ಗೌರವ ತೋರಿಸುವುದು 'ಶೋ ರೆಸ್ಪೆಕ್ಟ್', ಗೌರವದಿಂದ ನಡೆಸಿಕೊಳ್ಳುವುದು 'ಟ್ರೀಟ್ ವಿತ್ ರೆಸ್ಪೆಕ್ಟ್'. 'ಮರ್ಯಾದೆ ಕೊಟ್ಟು ಮರ್ಯಾದೆ ತಗೋ' ಎಂಬ ನಮ್ಮ ಮಾತನ್ನು 'ಟೇಕ್ ರೆಸ್ಪೆಕ್ಟ್' ಎಂದರೆ ಅಸಹಜ. ಇಂಗ್ಲಿಷಿನಲ್ಲಿ ಗೌರವವನ್ನು 'ಅರ್ನ್' ಮಾಡುತ್ತಾರೆ, ಅಂದರೆ ದುಡಿದು ಗಳಿಸುತ್ತಾರೆ. 'ಕಮಾಂಡ್ ರೆಸ್ಪೆಕ್ಟ್' ಎಂದರೆ ವ್ಯಕ್ತಿತ್ವದಿಂದಲೇ ಗೌರವ ಹುಟ್ಟಿಸುವುದು. 'ಡಿಮಾಂಡ್ ರೆಸ್ಪೆಕ್ಟ್' ಎಂದರೆ ಕೇಳಿ ಪಡೆಯಲು ಹೊರಡುವುದು. ಒಂದು ಹೊಗಳಿಕೆ, ಇನ್ನೊಂದು ಹಾಗಲ್ಲ.

ಎರಡು ಕಡೆ ವಿಶೇಷ ಎಚ್ಚರ ಬೇಕು. 'ಪೇ ಲಾಸ್ಟ್ ರೆಸ್ಪೆಕ್ಟ್ಸ್' ಎಂದರೆ ತೀರಿಕೊಂಡವರಿಗೆ ಸಲ್ಲಿಸುವ ಅಂತಿಮ ನಮನ. ನಿವೃತ್ತಿಯ ಬೀಳ್ಕೊಡುಗೆಯ ಸಂದೇಶದಲ್ಲಿ ಅದನ್ನು ಬರೆದರೆ ಅನರ್ಥ.

ಎರಡನೆಯದು 'ವಿತ್ ಆಲ್ ಡ್ಯೂ ರೆಸ್ಪೆಕ್ಟ್'. ಇದು ವಿನಯದ ಮಾತಿನಂತೆ ಕಾಣುತ್ತದೆ, ಆದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಇದು 'ಈಗ ನಿಮ್ಮ ಮಾತನ್ನು ಒಪ್ಪುವುದಿಲ್ಲ ಎನ್ನಲಿದ್ದೇನೆ' ಎಂಬ ಮುನ್ಸೂಚನೆ. ರಜೆ ಕೇಳುವ ಪತ್ರವನ್ನು ಇದರಿಂದ ಶುರು ಮಾಡಿದರೆ ಓದುವವರು ಜಗಳಕ್ಕೆ ಸಿದ್ಧರಾಗುತ್ತಾರೆ. ನಿಜವಾಗಿ ಭಿನ್ನಮತವಿದ್ದರೂ 'ಐ ಸೀ ಯುವರ್ ಪಾಯಿಂಟ್, ಬಟ್' ಎಂಬುದು ಮೃದು.

ಇನ್ನು 'ರೆಸ್ಪೆಕ್ಟೆಡ್ ಸರ್'? ಇದು ವ್ಯಾಕರಣದ ತಪ್ಪಲ್ಲ, ಭಾರತದ ಪತ್ರವ್ಯವಹಾರದ ಪದ್ಧತಿ. ಇಲ್ಲಿನ ಕಚೇರಿಗೆ ಧಾರಾಳವಾಗಿ ಬರೆಯಿರಿ. ವಿದೇಶಿ ಕಂಪನಿಗೆ ಬರೆಯುವಾಗ 'ಡಿಯರ್' ಎಂದು ಶುರು ಮಾಡುವುದು ಅಲ್ಲಿನ ರೂಢಿ.

ಅಭಿಪ್ರಾಯ: 'ನನ್ನ ಪ್ರಕಾರ' ತಂದ ತೊಡಕು

'ನನ್ನ ಪ್ರಕಾರ' ಎಂಬುದನ್ನು ನೇರವಾಗಿ ಬದಲಿಸಿದರೆ 'ಅಕಾರ್ಡಿಂಗ್ ಟು ಮಿ' ಆಗುತ್ತದೆ. ಇಲ್ಲಿ ಫಾರ್ವರ್ಡ್ ಹೇಳುವುದು ಬಹುಮಟ್ಟಿಗೆ ಸರಿ. 'ಅಕಾರ್ಡಿಂಗ್ ಟು' ಬಳಸುವುದು ಬೇರೆಯವರ ಮಾತನ್ನು ಅಥವಾ ಬೇರೆ ಮೂಲವನ್ನು ಉಲ್ಲೇಖಿಸಲು: 'ಅಕಾರ್ಡಿಂಗ್ ಟು ದ ಡಾಕ್ಟರ್'. ಸ್ವಂತ ಅಭಿಪ್ರಾಯಕ್ಕೆ 'ಇನ್ ಮೈ ಒಪಿನಿಯನ್' ಅಥವಾ ಸರಳವಾಗಿ 'ಐ ಥಿಂಕ್' ಸಾಕು. ಎರಡನ್ನೂ ಒಂದೇ ವಾಕ್ಯದಲ್ಲಿ ತುರುಕಬೇಕಿಲ್ಲ.

ಅಭಿಪ್ರಾಯವನ್ನು 'ಟೆಲ್' ಮಾಡುವುದಕ್ಕಿಂತ 'ಗಿವ್' ಅಥವಾ 'ಎಕ್ಸ್‌ಪ್ರೆಸ್' ಮಾಡುವುದು ಸಹಜ. ದೃಢವಾದ ಅಭಿಪ್ರಾಯ 'ಸ್ಟ್ರಾಂಗ್ ಒಪಿನಿಯನ್', ಯಾರ ಬಗ್ಗೆಯಾದರೂ ಒಳ್ಳೆಯ ಭಾವನೆಯಿದ್ದರೆ 'ಹೈ ಒಪಿನಿಯನ್', ಇನ್ನೊಬ್ಬ ವೈದ್ಯರನ್ನೂ ಕೇಳುವುದು 'ಸೆಕೆಂಡ್ ಒಪಿನಿಯನ್'.

ಹಾಗಾದರೆ ಏನು ಮಾಡಬೇಕು?

ಬಿಡಿ ಪದ ಬಾಯಿಪಾಠ ಮಾಡುವ ಬದಲು ಜೋಡಿಯನ್ನೇ ಬರೆದಿಟ್ಟುಕೊಳ್ಳಿ. 'ಅಟೆನ್ಶನ್' ಎಂದಷ್ಟೇ ಬೇಡ, 'ಪೇ ಅಟೆನ್ಶನ್ ಟು' ಎಂದು ಬರೆಯಿರಿ. ಅನುಮಾನ ಬಂದಾಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಕಲಿಕಾ ನಿಘಂಟುಗಳು ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ಅಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನು ಗಮನಿಸಿ.

ನಮ್ಮ ತೀರ್ಮಾನ: ಇಂಥ ಪಟ್ಟಿಗಳು ಅಸಹಜ ಬಳಕೆ, ಭಾರತೀಯ ರೂಢಿ ಮತ್ತು ಸರಿಯಾದ ಇಂಗ್ಲಿಷ್ ಮೂರನ್ನೂ ಒಂದೇ ಕೆಂಪು ಗುರುತಿನಡಿ ಸೇರಿಸಿಬಿಡುತ್ತವೆ. ಪೂರ್ತಿ ನಂಬಬೇಡಿ. ಗ್ರೂಪಿನಲ್ಲಿ ಯಾರಾದರೂ 'ಅಕಾರ್ಡಿಂಗ್ ಟು ಮಿ' ಎಂದರೆ ನಗಲೂ ಬೇಡಿ. ಅವರು ದಡ್ಡರಲ್ಲ, ಕನ್ನಡದ ಜೋಡಿಯನ್ನು ಇಂಗ್ಲಿಷಿಗೆ ಒಯ್ದಿದ್ದಾರೆ ಅಷ್ಟೆ.